ಹಂಪಿ ಗೊತ್ತು, ಬಾರ್ಕೂರು ಎಂತಕೆ ಗೊತ್ತಿಲ್ಲ?

ಹೈಸ್ಕೂಲಿನ ಸೋಷಿಯಲ್ ಪುಸ್ತಕದ ವಿಜಯನಗರ ಮ್ಯಾಪ್ ನೆನಪು ಮಾಡ್ಕೊಳ್ಳಿ. ಹಂಪಿ ಇರುವಲ್ಲಿ ಒಂದು ದೊಡ್ಡ ಚುಕ್ಕೆ. ಅಲ್ಲಿಂದ ಎರಡೂ ಕಡಲಿನವರೆಗೆ ಒಂದೇ ಬಣ್ಣ. ನಮ್ಮ ಕುಂದಾಪುರ, ಬ್ರಹ್ಮಾವರ, ಬೈಂದೂರು ಎಲ್ಲ ಆ ಬಣ್ಣದ ಒಳಗೇ ಇವೆ. ಆದರೆ ಬಣ್ಣ ಬಿಟ್ಟರೆ ನಮ್ಮ ಬಗ್ಗೆ ಅಲ್ಲಿ ಬೇರೇನೂ ಇಲ್ಲ. ನಾವು ಸಾಮ್ರಾಜ್ಯದ "ಒಳಗೆ" ಇದ್ದೆವು, ಅಷ್ಟೇ.

ನನ್ನ ವಾದ ಸಿಂಪಲ್. ಸಾಮ್ರಾಜ್ಯದ ಕಥೆಯನ್ನು ರಾಜಧಾನಿಯಿಂದ ಮಾತ್ರ ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ. ಉಳಿದ ಅರ್ಧ ಗಡಿಯಲ್ಲಿರುತ್ತದೆ. ವಿಜಯನಗರದ ಮಟ್ಟಿಗೆ ಆ ಗಡಿ ಅಂದರೆ ನಾವು. ಆ ಅರ್ಧವನ್ನು ನಮ್ಮೂರಿನವರೇ ಕಲ್ಲಿನ ಮೇಲೆ ಬರೆಸಿಟ್ಟಿದ್ದಾರೆ. ಓದುವವರು ಇಲ್ಲ ಅನ್ನೋದು ಮಾತ್ರ ಬೇಜಾರು.

ಗಡಿ ಅಂದರೆ ಹೇಗಿರುತ್ತೆ ಅಂತ ಅರ್ಥ ಆಗಬೇಕಾದರೆ ಒಮ್ಮೆ ರೋಮ್ ಕಡೆ ನೋಡೋಣ. ಬ್ರಿಟನ್ ಒಂದು ಕಾಲದಲ್ಲಿ ರೋಮಿನ ದೂರದ ಪ್ರಾಂತ್ಯ ಆಗಿತ್ತು. ಕ್ರಿ.ಶ. 43ರಿಂದ ಸುಮಾರು 410ರವರೆಗೆ. ಅದರ ಉತ್ತರದ ಗಡಿಯಲ್ಲಿ ವಿಂಡೊಲಾಂಡ ಅಂತ ಒಂದು ಸೈನಿಕ ಕೋಟೆ. 1973ರಿಂದ ಅಲ್ಲಿನ ಕೆಸರು ಮಣ್ಣಲ್ಲಿ ತೆಳುವಾದ ಮರದ ಹಲಗೆಗಳು ಸಿಗೋಕೆ ಶುರುವಾದವು. ಅವುಗಳ ಮೇಲೆ ಇಂಕಿನಲ್ಲಿ ಬರೆದ ಪತ್ರಗಳು, ಲೆಕ್ಕಗಳು. ಒಬ್ಬ ಅಧಿಕಾರಿಯ ಹೆಂಡತಿ ಇನ್ನೊಬ್ಬಳನ್ನು ಬರ್ತ್‌ಡೇಗೆ ಕರೆದಿದ್ದಾಳೆ. ಯಾರಿಗೋ ಸಾಕ್ಸ್ ಕಳಿಸಿದ್ದಾರೆ. ಒಂದು ಹಲಗೆಯಲ್ಲಿ ಸ್ಥಳೀಯರನ್ನು "ಬ್ರಿಟುಂಕುಲಿ" ಅಂತ ಕರೆದಿದೆ. "ಈ ಬಡಪಾಯಿ ಬ್ರಿಟನ್‌ನವರು" ಅನ್ನೋ ತಾತ್ಸಾರದ ಮಾತು.

ಇವತ್ತು ಬ್ರಿಟನ್‌ನಲ್ಲಿ ಆ ಹಲಗೆಗಳಿಗೆ ಸಿಗುವ ಗೌರವ ದೊಡ್ಡದು. ಆದರೆ ಗಮನಿಸಿ, ಅಲ್ಲಿ ಬರೆದವರೆಲ್ಲ ಆಳಲು ಬಂದವರ ಕಡೆಯವರು. ಆಳಿಸಿಕೊಂಡ ಬ್ರಿಟನ್ ಜನ ತಮ್ಮ ಭಾಷೆಯಲ್ಲಿ ಬರೆದಿಟ್ಟದ್ದು ಇಲ್ಲ ಅನ್ನುವಷ್ಟು ಕಡಿಮೆ. ಅವರು ಏನಂದುಕೊಂಡರು, ಹೇಗೆ ಚೌಕಾಸಿ ಮಾಡಿದರು ಅಂತ ತಿಳಿಯೋಕೆ ದಾರಿ ತೀರಾ ಕಡಿಮೆ.

ಈಗ ನಮ್ಮ ಕಡೆ ಬನ್ನಿ.

ಹಂಪಿಯಿಂದ ಕೋಡಿಗೆ ನೇರ ಗೆರೆ ಎಳೆದರೆ ಸುಮಾರು 270 ಕಿ.ಮೀ. ದೂರ ಜಾಸ್ತಿ ಅಲ್ಲ. ಆದರೆ ನಡುವೆ ಘಟ್ಟ ಇದೆ. ಮಳೆಗಾಲದಲ್ಲಿ ಘಟ್ಟ ಇಳಿದು ಸೈನ್ಯ ತರೋದು ಇರಲಿ, ಒಂದು ಎತ್ತಿನ ಸಾಲು ತರೋದೇ ಕಷ್ಟ. ಹಾಗಿದ್ದೂ ವಿಜಯನಗರಕ್ಕೆ ಈ ಕರಾವಳಿ ಬೇಕೇ ಬೇಕಿತ್ತು. ಯುದ್ಧಕ್ಕೆ ಒಳ್ಳೆ ಕುದುರೆ ಅರಬ್ ಕಡೆಯಿಂದ ಹಡಗಿನಲ್ಲೇ ಬರಬೇಕು. ಹೊರಗೆ ಹೋಗುವ ಅಕ್ಕಿ, ಮೆಣಸಿನ ಸುಂಕವೂ ಬಂದರಿನಲ್ಲೇ ಸಿಗಬೇಕು.

ಆ ಬಂದರುಗಳು ಹೇಗಿದ್ದವು ಅಂತ ಇಬ್ನ್ ಬತೂತ ಬರೆದಿದ್ದಾನೆ. ಅವನು 1342ರ ಆಸುಪಾಸಿನಲ್ಲಿ ಈ ದಾರಿಯಲ್ಲಿ ಹಡಗಿನಲ್ಲಿ ಹೋದವನು. ಬಸ್ರೂರನ್ನು ತೆಂಗಿನ ಮರಗಳ ಊರು ಅಂತಾನೆ. ಬಾರ್ಕೂರನ್ನು ಕಬ್ಬು ಬೆಳೆಯುವ ದೊಡ್ಡ ಊರು ಅಂತಾನೆ. ಬಾರ್ಕೂರಿನ ಅರಸನ ಹತ್ತಿರ ಸುಮಾರು 30 ಯುದ್ಧದ ಹಡಗುಗಳಿದ್ದವಂತೆ. ಆ ದಾರಿಯಲ್ಲಿ ಹೋಗುವ ಹಡಗು ಬಂದರಿಗೆ ಬಂದು ಕಾಣಿಕೆ ಕೊಟ್ಟೇ ಮುಂದೆ ಹೋಗಬೇಕು, ಇಲ್ಲದಿದ್ದರೆ ಅಟ್ಟಿಸಿಕೊಂಡು ಬರ್ತಾರೆ. ಟೋಲ್ ಗೇಟ್ ನಮಗೆ ಹೊಸದೇನಲ್ಲ. ಅಂದರೆ ಹಂಪಿಯ ಅಧಿಕಾರ ಗಟ್ಟಿಯಾಗುವ ಮೊದಲೇ ಇಲ್ಲಿ ಕಡಲು ಗೊತ್ತಿದ್ದ, ವ್ಯಾಪಾರ ಗೊತ್ತಿದ್ದ, ಸ್ವಲ್ಪ ದಾದಾಗಿರಿಯೂ ಗೊತ್ತಿದ್ದ ಜನ ಇದ್ದರು. ಬಾರ್ಕೂರು ಅದಕ್ಕೂ ಮೊದಲು ಆಳುಪರ ರಾಜಧಾನಿ ಆಗಿದ್ದ ಊರು.

ಅಂಥ ಜಾಗವನ್ನು ಘಟ್ಟದ ಮೇಲೆ ಕೂತು ಆಳೋದು ಹೇಗೆ? ವಿಜಯನಗರದವರು ಇಲ್ಲಿ ಎರಡು ರಾಜ್ಯ ಮಾಡಿದರು, ಅಂದರೆ ಎರಡು ಪ್ರಾಂತ್ಯ: ಬಾರಕೂರು ರಾಜ್ಯ ಮತ್ತು ಮಂಗಳೂರು ರಾಜ್ಯ. ಮೇಲಿಂದ ಒಬ್ಬ ಒಡೆಯರನ್ನು ಕಳಿಸುತ್ತಿದ್ದರು. ಅವರು ಬಹಳ ಕಾಲ ಇರುತ್ತಿರಲಿಲ್ಲ, ಬದಲಾಗುತ್ತಲೇ ಇದ್ದರು. ಬ್ರಿಟನ್‌ಗೆ ಬರುತ್ತಿದ್ದ ರೋಮಿನ ಗವರ್ನರುಗಳೂ ಕೆಲವು ವರ್ಷ ಇದ್ದು ಹೊರಡುತ್ತಿದ್ದವರೇ. ದೂರದ ಪ್ರಾಂತ್ಯದಲ್ಲಿ ಒಬ್ಬನೇ ಬೇರು ಬಿಟ್ಟರೆ ರಾಜಧಾನಿಗೆ ತಲೆನೋವು ಅಲ್ವಾ?

ಆದರೆ ಒಡೆಯರು ಬದಲಾದರೂ ಬದಲಾಗದೆ ಉಳಿದವರು ಊರಿನವರು. ಬಾರ್ಕೂರಿನ ಕೇರಿಗಳ ಹೆಸರು ಇವತ್ತಿಗೂ ಬಳಕೆಯಲ್ಲಿವೆ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ. ಶಾಸನಗಳಲ್ಲಿ ಈ ಕೇರಿಗಳ "ಹಲರು" ಬರ್ತಾರೆ. ಹಲರು ಅಂದರೆ ಕೇರಿಯ ಪ್ರಮುಖರ, ವರ್ತಕರ ಕೂಟ. ಬಸ್ರೂರಿನಲ್ಲೂ ಮೂಡುಕೇರಿ, ಪಡುಕೇರಿ ಹಲರು ಇದ್ದರು. ಮುಸ್ಲಿಂ ವರ್ತಕರ ಸಂಘಕ್ಕೆ "ಹಂಜಮಾನ" ಅನ್ನೋ ಹೆಸರಿತ್ತು. ಇಲ್ಲಿನ ದುಡ್ಡಿಗೂ ಇಲ್ಲಿನದೇ ಹೆಸರು, "ಬಾರಕೂರು ಗದ್ಯಾಣ".

ಒಂದು ಶಾಸನದ ರಚನೆ ನೋಡಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೊದಲು ಹೆಡರ್: ಶಕವರ್ಷ, ತಿಥಿ, ಹಂಪಿಯ ಮಹಾರಾಜನ ಹೆಸರು, ಬಿರುದು. ಆಮೇಲೆ ಬಾರಕೂರು ರಾಜ್ಯ ಆಳುತ್ತಿರುವ ಒಡೆಯರ ಹೆಸರು. ನಂತರ ಮುಖ್ಯ ವಿಷಯ: ಯಾವ ಭೂಮಿ, ಅದರ ಗಡಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಕ್ಕಿ, ಯಾವ ದೇವಸ್ಥಾನಕ್ಕೆ. ಕೊನೆಗೆ, ಇದನ್ನು ಮೀರಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ನಾವು ಸಾಮಾನ್ಯವಾಗಿ ಹೆಡರ್ ಓದಿ "ಓ, ಹರಿಹರ, ದೇವರಾಯ!" ಅಂತ ಖುಷಿಪಟ್ಟು ಬಿಟ್ಟುಬಿಡ್ತೇವೆ. ನಿಜವಾದ ಡೇಟಾ ಇರೋದು ನಡುವೆ. ಅಲ್ಲೇ ನಮ್ಮೂರಿನ ಹಲರು, ಸೆಟ್ಟಿಕಾರರು, ಗದ್ದೆ, ತೋಡು ಎಲ್ಲ ಇರೋದು. ಬ್ರಿಟನ್‌ನಲ್ಲಿ ಸಿಗದ ದನಿ ಇದೇ. ಆಳಿಸಿಕೊಂಡ ಊರಿನವರು ತಮ್ಮದೇ ಕನ್ನಡದಲ್ಲಿ, ತಮ್ಮ ಕೇರಿಯ ಹೆಸರು ಹಾಕಿ ಬರೆಸಿದ ದಾಖಲೆ.

ಇನ್ನು ತೆರಿಗೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾದ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಅವನಿಗೆ ಈ ಕೆಲಸವೂ ಇಲ್ಲಿನ ಮಳೆಯೂ ಇಷ್ಟ ಆಗಲಿಲ್ಲ, 1800ರಲ್ಲೇ ಬೇರೆ ಕಡೆ ಹೋದ. ಆದರೆ ಹೋಗುವ ಮೊದಲು ಹಳೆ ಕಂದಾಯದ ಲೆಕ್ಕ ಬರೆದಿಟ್ಟ. ಹರಿಹರರಾಯನ ಕಾಲದ್ದು ಅಂತ ಅವನು ಬರೆದ ಲೆಕ್ಕ ಹೀಗಿದೆ: 1 ಪಾಲು ಬಿತ್ತಿದರೆ 12 ಪಾಲು ಬೆಳೆ. ಒಟ್ಟು 30 ಪಾಲು ಬೆಳೆದರೆ ಗೇಯುವವನಿಗೆ 15, ಭೂಮಿಯ ಒಡೆಯನಿಗೆ 7½, ಸರ್ಕಾರಕ್ಕೆ 5, ಬ್ರಾಹ್ಮಣರಿಗೆ 1½, ದೇವಸ್ಥಾನಕ್ಕೆ 1. ಕೂಡಿಸಿ ನೋಡಿ, ಸರಿಯಾಗಿ 30 ಬರುತ್ತೆ. ವಾಸ್ತವದಲ್ಲಿ ಇಷ್ಟು ನೀಟಾಗಿ ಹಂಚುತ್ತಿದ್ದರು ಅಂತ ನಾನು ನಂಬೋದಿಲ್ಲ. ಆದರೆ ಸರ್ಕಾರದ ಪಾಲು ಆರನೇ ಒಂದು, ಅದಕ್ಕಿಂತ ಜಾಸ್ತಿ ಕೇಳಿದರೆ ಅನ್ಯಾಯ ಅನ್ನೋ ನೆನಪು ನಾನೂರೈವತ್ತು ವರ್ಷ ಇಲ್ಲಿನ ಜನರಲ್ಲಿ ಉಳಿದಿತ್ತು ಅನ್ನೋದೇ ದೊಡ್ಡ ವಿಷಯ. ಮುಂದೆ ಕೆಳದಿ ನಾಯಕರು, ಹೈದರ್, ಟಿಪ್ಪು ಅದನ್ನು ಏರಿಸುತ್ತಾ ಹೋದರು. ಕಂಪನಿ ಕಾಲದಲ್ಲಿ, 1830–31ರಲ್ಲಿ, ಕೆನರಾದ ರೈತರು ಊರೂರಲ್ಲಿ "ಕೂಟ" ಸೇರಿ ಕಂದಾಯ ಕಟ್ಟಲ್ಲ ಅಂತ ಕೂತರು. ಗಡಿಯ ಜನ ಸುಮ್ಮನೆ ತಲೆ ಬಗ್ಗಿಸಿದವರಲ್ಲ.

ಬಸ್ರೂರಿನ ಕಥೆಯೂ ಹೀಗೆಯೇ. ಕೋಡಿಯಲ್ಲಿ ನಿಂತರೆ ಎದುರಿಗೆ ಗಂಗೊಳ್ಳಿ, ನಡುವೆ ಪಂಚಗಂಗಾವಳಿ ಕಡಲು ಸೇರುವ ಅಳಿವೆ. ಬಸ್ರೂರಿಗೆ ಹೋಗುವ ಹಡಗೆಲ್ಲ ಇಲ್ಲಿಂದಲೇ ಒಳಗೆ ಬರಬೇಕಿತ್ತು. ನಾವು ಸಂಜೆ ಸೆಲ್ಫಿ ತೆಗೆಯುವ ಜಾಗ ಒಂದು ಕಾಲದ ಇಂಟರ್‌ನ್ಯಾಷನಲ್ ಗೇಟ್. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಹಿಡಿದರು. ಗೋವಾಕ್ಕೆ, ದೂರದ ಮಸ್ಕತ್‌ಗೆ ಇಲ್ಲಿನ ಅಕ್ಕಿ ಹೋಗುತ್ತಿತ್ತು. ಆದರೆ ಕೋಟೆ ಅವರದ್ದಾದರೂ ನದಿಯ ಮೇಲಿನ ಪೇಟೆ ವರ್ತಕರ ಕೈಯಲ್ಲೇ ಉಳಿಯಿತು. ಅಕ್ಕಿ ಬೇಕಾದರೆ ಅವರ ಹತ್ತಿರ ಮಾತಾಡಲೇಬೇಕು. 1652–53ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಬಸ್ರೂರನ್ನು ಲೂಟಿ ಮಾಡಿ ಹೋದ.

ಈ ಕೊನೆಯ ಸಾಲು ಬಂದ ಕೂಡಲೇ ವಾಟ್ಸಾಪ್‌ನಲ್ಲಿ ಜಗಳ ಶುರುವಾಗುತ್ತೆ. ಯಾರು ಗ್ರೇಟ್, ಯಾರು ನಮ್ಮವರು, ಯಾರು ಅಲ್ಲ. ಹ್ವಾಯ್, ಒಂದು ನಿಮಿಷ. ಆ ಜಗಳದಲ್ಲಿ ಬಸ್ರೂರಿನವರು ಎಲ್ಲಿದ್ದಾರೆ? ಬಂದವರ ಬಗ್ಗೆಯೇ ಎಲ್ಲರ ಮಾತು, ಇದ್ದವರ ಬಗ್ಗೆ ಒಂದು ಮಾತೂ ಇಲ್ಲ. ಬಂದರಿನಲ್ಲಿ ಲೂಟಿ ಮಾಡುವಷ್ಟು ಇತ್ತು ಅಂದರೆ ಅದನ್ನು ಯಾರೋ ದುಡಿದು ಕೂಡಿಟ್ಟಿದ್ದರು ಅಂತ ಅರ್ಥ.

ಕೆಲವರು ಕೇಳಬಹುದು, "ಕಲ್ಲಲ್ಲಿ ಬರೆಸಿದವರೂ ಶ್ರೀಮಂತರೇ ಅಲ್ವಾ? ಅದೂ ಪೂರ್ತಿ ಸತ್ಯ ಹೇಗಾಗುತ್ತೆ?" ಒಪ್ಪತಕ್ಕ ಮಾತು. ಹಲರು ವರ್ತಕರು, ಭೂಮಿ ಇದ್ದವರು. 15 ಪಾಲು ಪಡೆದ ಅಂತ ಲೆಕ್ಕದಲ್ಲಿ ಬರುವ ಗೇಯುವವನ ಹೆಸರು ಕಲ್ಲಿನಲ್ಲಿ ಹುಡುಕಿದರೂ ಸಿಗೋದು ಕಷ್ಟ. ಮೀನು ಹಿಡಿದವರು, ಕೊರಗರು, ಹೆಂಗಸರು ಬಹಳ ಕಡಿಮೆ. ಆದರೆ ಅದಕ್ಕೆ ಉತ್ತರ ಕಲ್ಲನ್ನು ಬಿಟ್ಟುಬಿಡೋದಲ್ಲ, ಇನ್ನೂ ಹತ್ತಿರದಿಂದ ಓದೋದು. ಯಾರ ಹೆಸರು ಇದೆ, ಯಾರದ್ದು ಇಲ್ಲ ಅನ್ನೋದೂ ಡೇಟಾನೇ.

"ಇದೆಲ್ಲ ಹಿಸ್ಟರಿ ಡಿಪಾರ್ಟ್‌ಮೆಂಟಿನವರ ಕೆಲಸ, ನಮಗೆಂತಕೆ?" ಅನ್ನೋರೂ ಇದ್ದಾರೆ. ಹಿಸ್ಟರಿಯವರು ಅವರ ಕೆಲಸ ಮಾಡಿದ್ದಾರೆ. ಕೆ.ವಿ. ರಮೇಶ್, ಪಿ. ಗುರುರಾಜ ಭಟ್ ಅವರಂಥವರು ಐವತ್ತು ವರ್ಷಕ್ಕೂ ಹಿಂದೆ ಊರೂರು ತಿರುಗಿ ಶಾಸನ ಓದಿ ದೊಡ್ಡ ಪುಸ್ತಕಗಳನ್ನೇ ಬರೆದರು. ಆದರೆ ಕಲ್ಲುಗಳು ಇರೋದು ಗದ್ದೆ ಅಂಚಿನಲ್ಲಿ, ತೋಟದಲ್ಲಿ, ದೇವಸ್ಥಾನದ ಅಂಗಳದಲ್ಲಿ. ಮಳೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಅಕ್ಷರ ತಿನ್ನುತ್ತೆ. ಜೀರ್ಣೋದ್ಧಾರದ ಹೊತ್ತಿಗೆ ಪೇಂಟ್ ಬೀಳುತ್ತೆ, ರಸ್ತೆ ಅಗಲ ಆಗುವಾಗ ಜೆಸಿಬಿ ಬರುತ್ತೆ. ಬಟ್ಟೆ ಒಗೆಯುವ ಕಲ್ಲಾಗಿ ಸವೆದವೂ ಇವೆ.

ಇಲ್ಲಿ ನಮಗೆ ಕೆಲಸ ಇದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಯೋಜನೆ ನಡೆಸ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರ ಸ್ಕ್ಯಾನ್‌ನಲ್ಲಿ ಕಾಣಿಸುತ್ತೆ. ನಮಗೆ ಅಷ್ಟು ದೊಡ್ಡ ಸ್ಕ್ಯಾನರ್ ಬೇಕಂತಿಲ್ಲ. ಮೊಬೈಲಿನಲ್ಲಿ ಸುತ್ತ ಫೋಟೋ ತೆಗೆದು ಫೋಟೊಗ್ರಾಮೆಟ್ರಿ ಮಾಡೋಕೆ ಫ್ರೀ ಸಾಫ್ಟ್‌ವೇರ್ ಇದೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಎದ್ದು ಕಾಣುತ್ತೆ. ಜಿಪಿಎಸ್ ಗುರುತು ಹಾಕಿ, ಜಾಗದವರ ಒಪ್ಪಿಗೆ ಪಡೆದು, ದಾಖಲೆ ಮಾಡಿ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಬಲ್ಲವರಿಗೆ ತೋರಿಸಬಹುದು. ಒಂದೇ ಕಂಡೀಷನ್: ಕಲ್ಲಿಗೆ ಸೀಮೆಸುಣ್ಣ ತಿಕ್ಕೋದು, ಎಣ್ಣೆ ಹಚ್ಚೋದು, ಆಸಿಡ್ ಹಾಕಿ ತೊಳೆಯೋದು ಮಾಡ್ಬೇಡಿ. ಮಿನಿ ಪ್ರಾಜೆಕ್ಟಿಗೆ ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಮಾಡೋದಕ್ಕಿಂತ ಇದು ಎಷ್ಟೋ ವಾಸಿ.

ಆಷಾಢ ಅಮಾಸಿ ದಿನ ನಾವೆಲ್ಲ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಸ್ಟೇಟಸ್ ಹಾಕ್ತೇವೆ. ಹಾಕಲೇಬೇಕು. ಆದರೆ ಆ ಭಾಷೆ ಆಡಿದ ಊರಿನವರು ಆರು–ಏಳು ನೂರು ವರ್ಷದ ಹಿಂದೆ ರಾಜನ ಹೆಸರಿನ ಕೆಳಗೆ ತಮ್ಮ ಕೇರಿಯ ಹೆಸರು ಕೆತ್ತಿಸಿಟ್ಟ ಕಲ್ಲು ನಮ್ಮ ಬಸ್ ಸ್ಟಾಪಿನಿಂದ ಅರ್ಧ ಗಂಟೆ ದೂರದಲ್ಲಿದೆ. ಮುಂದಿನ ಅಮಾಸಿಯೊಳಗೆ ಒಬ್ಬೊಬ್ಬರು ಒಂದೊಂದು ಕಲ್ಲು ಹುಡುಕಿ, ಫೋಟೋ ತೆಗೆದು, ಅದರಲ್ಲಿ ಎಂತ ಬರೆದಿದೆ ಅಂತ ತಿಳ್ಕೊಂಡರೆ, ಸ್ಟೇಟಸ್ ಹಾಕೋಕೆ ನಮ್ಮ ಹತ್ತಿರ ನಮ್ಮದೇ ಆದದ್ದು ಏನಾದರೂ ಇರುತ್ತೆ.