ದೆವ್ವದ ಪುಸ್ತಕಕ್ಕೆ ಹೆದರುವವರು

ಬನಹಟ್ಟಿಯಲ್ಲಿರುವ ನಮ್ಮ ತಂಗಿಯ ಮಗಳು ಒಂಬತ್ತನೆಯ ತರಗತಿಯವಳು. ಕಳೆದ ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ಗ್ರಂಥಾಲಯದಿಂದ ಒಂದು ದೆವ್ವದ ಕಾದಂಬರಿ ತಂದಿದ್ದಳು. ಮುಖಪುಟದ ತಲೆಬುರುಡೆ ಕಂಡದ್ದೇ ತಡ, ಓಣಿಯ ಹಿರಿಯರೊಬ್ಬರು ಅದನ್ನು ಕಿತ್ತುಕೊಂಡರು. "ಮಾಮೂ, ದೆವ್ವದ ಪುಸ್ತಕ ಓದಿದ್ರ ಜಿನ್ ಮೈಮ್ಯಾಲ ಬರ್ತೈತೇನ್ರಿ?" ಎಂದು ಹುಡುಗಿ ನಮ್ಮನ್ನು ಕೇಳಿದಳು.

ಅದೇ ತಿಂಗಳು ಅದೇ ಓಣಿಯ ಬಾಣಂತಿಯೊಬ್ಬಳು ನಿದ್ದೆಗೆಟ್ಟು, ಒಬ್ಬಳೇ ಮಾತಾಡತೊಡಗಿದಳು. ಆಸ್ಪತ್ರೆಗೆ ಒಯ್ಯಬೇಕಾದವಳನ್ನು ಜಿನ್ ಬಿಡಿಸುವವನ ಬಳಿಗೆ ಒಯ್ದರು. ಮೆಣಸಿನಕಾಯಿ ಹೊಗೆ ಹಾಕಿದರು, ಹೊಡೆದರು. ಗಂಡ ಮಗ್ಗದಲ್ಲಿ ದುಡಿದ ವಾರದ ಕೂಲಿಯೆಲ್ಲ ಅವನ ಜೇಬು ಸೇರಿತು. ಹೋಗಲು ಗಾಡಿ ಗೊತ್ತು ಮಾಡಿಕೊಟ್ಟವರು ಯಾರು? ಪುಸ್ತಕ ಕಿತ್ತುಕೊಂಡ ಅದೇ ಹಿರಿಯರು!

ನಮ್ಮ ತಕರಾರು ಇಷ್ಟೇ. ನಾವು ಹೆದರಬೇಕಾದ್ದು ಪುಸ್ತಕದ ದೆವ್ವಕ್ಕಲ್ಲ, ಹೆದರಿಕೆಯನ್ನು ಮಾರಿ ಬದುಕುವವನಿಗೆ. ಪುಸ್ತಕದ ಭಯ ಓದುವವನ ಕೈಯಲ್ಲಿರುತ್ತದೆ, ಬೇಡವೆನಿಸಿದರೆ ಮುಚ್ಚಿಡಬಹುದು. ಮಂತ್ರವಾದಿಯ ಕೋಣೆಯ ಬಾಗಿಲನ್ನು ಆ ಬಾಣಂತಿ ಮುಚ್ಚಬಲ್ಲವಳಾಗಿದ್ದಳೇ?

ಹ್ಯಾಲೋವೀನ್ ಬಂತೆಂದರೆ ಪಶ್ಚಿಮದ ದೇಶಗಳಲ್ಲಿ ಜನ ಭಯದ ಪುಸ್ತಕಗಳನ್ನು ಆರಿಸಿ ಓದುತ್ತಾರೆ. ಅವರ ಹಬ್ಬ ನಮಗೆ ಬೇಕಿಲ್ಲ. ಆದರೆ ಆರಿಸಿ ಓದುವ ಆ ಅಭ್ಯಾಸ ಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನ ನಮ್ಮ ಮುಧೋಳದವನೇ. ಹತ್ತನೆಯ ಶತಮಾನದ ಆತನ 'ಗದಾಯುದ್ಧ'ದ ರಣರಂಗದಲ್ಲಿ ಮರುಳುಗಳಿವೆ. ಆದರೆ ಅಲ್ಲಿ ನಮ್ಮ ಎದೆ ನಡುಗುವುದು ಮರುಳುಗಳಿಂದಲ್ಲ. ತನ್ನ ಹಟಕ್ಕೆ ಬಲಿಯಾದ ತಮ್ಮನ, ಗೆಳೆಯನ ಹೆಣಗಳ ನಡುವೆ ದುರ್ಯೋಧನ ನಡೆಯುವಾಗ. ಉರ್ದು ಬಲ್ಲವರಿಗೆ ಇಬ್ನೆ ಸಫಿಯವರ 'ಖೌಫ್‌ನಾಕ್ ಇಮಾರತ್' ಇದೆ. 1955ರ ಈ ಕಾದಂಬರಿಯಿಂದಲೇ ಅವರ ಇಮ್ರಾನ್ ಸರಣಿ ಶುರುವಾದದ್ದು. ಜನ ಹೆದರುವ ಪಾಳು ಕಟ್ಟಡ, ಅದರೊಳಗೆ ಹೆಣ; ಹುಡುಕಿದರೆ ಕೊನೆಗೆ ಸಿಗುವುದು ಮನುಷ್ಯನ ಕೈವಾಡ. ಮಲಯಾಳದ ವೈಕಂ ಮುಹಮ್ಮದ್ ಬಷೀರರ 'ನೀಲವೆಳಿಚ್ಚಂ' ಕಥೆಯ ಲೇಖಕನಂತೂ ದೆವ್ವದ ಮನೆಯಲ್ಲೇ ಬಾಡಿಗೆಗೆ ಇದ್ದು, ಬಾವಿಗೆ ಬಿದ್ದು ಸತ್ತ ಹುಡುಗಿಯೊಡನೆ ಮಾತಿಗಿಳಿಯುತ್ತಾನೆ. ಅವಳನ್ನು ಓಡಿಸುವುದಿಲ್ಲ, ಅವಳ ನೋವನ್ನು ವಿಚಾರಿಸುತ್ತಾನೆ. ನಮ್ಮ ಓಣಿಯ ಬಾಣಂತಿಯನ್ನು ಹಾಗೆ ವಿಚಾರಿಸಿದವರು ಒಬ್ಬರಾದರೂ ಇದ್ದರೇ?

ಎಲ್ಲ ದೆವ್ವದ ಪುಸ್ತಕಗಳೂ ಒಳ್ಳೆಯವೆಂದು ನಾವು ಹೇಳುತ್ತಿಲ್ಲ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಓದಿ ನಾವೂ ರಾತ್ರಿ ದೀಪ ಆರಿಸದೆ ಮಲಗಿದ್ದುಂಟು. ಮಾಟಕ್ಕೆ ಶಕ್ತಿಯಿದೆ ಎನ್ನಿಸುವ ಬರಹದೊಡನೆ ವಾದ ಮಾಡಬೇಕು. ಆದರೆ ಕಿತ್ತುಕೊಂಡ ಪುಸ್ತಕದೊಡನೆ ವಾದ ಮಾಡುವುದು ಹೇಗೆ?

ಕೆಲವರು ಧರ್ಮವನ್ನು ಅಡ್ಡ ತರುತ್ತಾರೆ. ಕುರ್‌ಆನಿನಲ್ಲಿ 'ಅಲ್ ಜಿನ್ನ್' ಎಂಬ ಅಧ್ಯಾಯವೇ ಇದೆ, ನಿಜ. ಆದರೆ ಜಿನ್ನ್ ಇದೆಯೆಂದು ನಂಬುವುದು ಬೇರೆ, ಜಿನ್ನ್ ಬಿಡಿಸುತ್ತೇನೆಂದು ದುಡ್ಡು ಕೇಳುವವನನ್ನು ನಂಬುವುದು ಬೇರೆ. ಇದು ಒಂದು ಸಮುದಾಯದ ಕಾಯಿಲೆಯೂ ಅಲ್ಲ. ಜಮಖಂಡಿಯಿಂದ ಬೀಳಗಿಯವರೆಗೆ ತಾಯಿತ ಕಟ್ಟಿಸಿಕೊಳ್ಳುವವರೂ ನಿಂಬೆಹಣ್ಣು ಮಂತ್ರಿಸಿಕೊಳ್ಳುವವರೂ ಒಂದೇ ಬಸ್ಸಿನಲ್ಲಿ ಕೂತು ಹೋಗುತ್ತಾರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಹೊಗೆ ಹಾಕುವುದು ಅಪರಾಧವೆಂದು ಸಾರುವ ವಾಮಾಚಾರ ವಿರೋಧಿ ಕಾಯ್ದೆ 2017ರಲ್ಲಿ ರಾಜ್ಯದಲ್ಲಿ ರೂಪುಗೊಂಡು, 2020ರ ಜನವರಿಯಲ್ಲಿ ಜಾರಿಗೆ ಬಂತು. ಆ ಓಣಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಜನ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂದು ನಂಬಿದ ನಾವು, ಓದು ಬರುವ ನಮ್ಮ ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತಿದ್ದೇವೆ!

ಬಾಣಂತಿ ಕೊನೆಗೆ ಮನೋವೈದ್ಯರ ಗುಳಿಗೆಯಿಂದ ಗುಣವಾದಳು. ಆದರೆ ಹೊಡೆತದ ಕಲೆ ಅವಳ ಬೆನ್ನ ಮೇಲೆ ಇನ್ನೂ ಇದೆ. ಹುಡುಗಿಗೆ ನಾವು ಪುಸ್ತಕ ಮರಳಿ ಕೊಡಿಸಿದೆವು. ಓದಿ ಮುಗಿಸಿ ಆಕೆ ಹೇಳಿದ್ದಿಷ್ಟು: "ಮಾಮೂ, ಪುಸ್ತಕದಾಗಿನ ದೆವ್ವ ಯಾರ ಕಡಿಂದನೂ ರೊಕ್ಕ ಕೇಳಲಿಲ್ಲ ನೋಡ್ರಿ."