ದೊಡ್ಡ ತಂಡವಿಲ್ಲದ ನಾಡಿನ ಆಟ

ಆಟವೆಂಬುದು ದೊಡ್ಡ ನಗರಗಳ, ದೊಡ್ಡ ಕ್ರೀಡಾಂಗಣಗಳ, ದೊಡ್ಡ ಸಂಬಳದ ಆಟಗಾರರ ಸೊತ್ತು ಎಂಬ ಭಾವನೆ ಇಂದು ಎಲ್ಲೆಲ್ಲಿಯೂ ಬೇರೂರುತ್ತಿದೆ. ನಮ್ಮ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾದುದು. ಆಟವು ಮೊದಲು ಮನೆಯ ಹತ್ತಿರದ ಬಯಲಿಗೆ ಸೇರಿದುದು. ಕ್ರೀಡಾಂಗಣಕ್ಕೆ ಸೇರುವುದು ಆಮೇಲೆ. ಈ ಮಾತಿಗೆ ಅಮೆರಿಕೆಯ ಅಯೋವಾ ಸಂಸ್ಥಾನದ ಬೇಸ್‌ಬಾಲ್ ಚರಿತ್ರೆಗಿಂತ ಉತ್ತಮ ನಿದರ್ಶನ ನಮಗೆ ತೋರದು.

ನಮ್ಮಲ್ಲಿ ಕ್ರಿಕೆಟ್ ಹೇಗೋ ಅಮೆರಿಕೆಯಲ್ಲಿ ಬೇಸ್‌ಬಾಲ್ ಹಾಗೆ. ಪಕ್ಷಕ್ಕೆ ಒಂಬತ್ತು ಮಂದಿ. ಎದುರಾಳಿ ಎಸೆದ ಚೆಂಡನ್ನು ದುಂಡನೆಯ ದಾಂಡಿನಿಂದ ಹೊಡೆದು, ನಾಲ್ಕು ಮೂಲೆಗಳ ನೆಲೆಗಳನ್ನು ಕ್ರಮವಾಗಿ ಸುತ್ತಿ ಬಂದರೆ ಒಂದು ಓಟ. ಅಲ್ಲಿನ ಅತ್ಯುನ್ನತ ದರ್ಜೆಯ ಪಂದ್ಯಕೂಟಕ್ಕೆ ಮೇಜರ್ ಲೀಗ್ ಎಂದೂ, ಅದಕ್ಕಿಂತ ಕೆಳಗಿನ, ಹೆಚ್ಚಾಗಿ ಸಣ್ಣ ಊರುಗಳ ಕೂಟಗಳಿಗೆ ಮೈನರ್ ಲೀಗ್ ಎಂದೂ ಹೆಸರು. 1903ರಿಂದ 1952ರ ವರೆಗೆ, ಅರ್ಧ ಶತಮಾನ ಕಾಲ, ಮೇಜರ್ ಲೀಗಿನ 16 ತಂಡಗಳು ಕೇವಲ 10 ನಗರಗಳಲ್ಲಿ ನೆಲೆಸಿದ್ದುವು. ಪಶ್ಚಿಮಕ್ಕೆ ಅವುಗಳ ಎಲ್ಲೆ ಸೇಂಟ್ ಲೂಯಿಸ್ ನಗರ. ಅಷ್ಟು ದೊಡ್ಡ ಲಾಸ್ ಏಂಜಲೀಸಿಗೂ ಸ್ಯಾನ್ ಫ್ರಾನ್ಸಿಸ್ಕೋವಿಗೂ ತಂಡಗಳು ಬಂದುದು 1958ರಲ್ಲಿ. ಇಂದು ತಂಡಗಳು 30 ಆಗಿವೆ. ಆದರೂ ಮುಸುಕಿನ ಜೋಳದ ಹೊಲಗಳ ನಾಡಾದ ಅಯೋವಾದಲ್ಲಿ ಒಂದೂ ಇಲ್ಲ.

ಹಾಗಾದರೆ ಅಲ್ಲಿನ ಮಕ್ಕಳು ಈ ಆಟದೊಡನೆ ಬೆಳೆದುದು ಹೇಗೆ? ಮೊದಲನೆಯದಾಗಿ, ಕಿವಿಯಿಂದ. ಮೇಜರ್ ಲೀಗಿನ ಪಂದ್ಯವೊಂದು ಮೊತ್ತಮೊದಲು ರೇಡಿಯೋದಲ್ಲಿ ಕೇಳಿಬಂದುದು 1921ರಲ್ಲಿ, ಪಿಟ್ಸ್‌ಬರ್ಗ್ ನಗರದಿಂದ. ಮುಂದಿನ ದಶಕದಲ್ಲಿ ಅಯೋವಾದ ರಾಜಧಾನಿ ಡೆ ಮಾಯ್ನಿನ ರೇಡಿಯೋ ಕೇಂದ್ರದಲ್ಲಿ ರೊನಾಲ್ಡ್ ರೇಗನ್ ಎಂಬ ತರುಣನೊಬ್ಬ ಶಿಕಾಗೋದ ಪಂದ್ಯಗಳ ವಿವರಣೆ ಕೊಡುತ್ತಿದ್ದನು. ಅವನು ಮೈದಾನದಲ್ಲಿರಲಿಲ್ಲ. ತಂತಿಯ ಮೂಲಕ ಬರುವ ನಾಲ್ಕಾರು ಅಕ್ಷರಗಳ ಸಂಕೇತವನ್ನು ನೋಡಿಕೊಂಡು, ಕೋಣೆಯಲ್ಲಿ ಕುಳಿತೇ ಕಣ್ಣಾರೆ ಕಂಡಂತೆ ವರ್ಣಿಸುತ್ತಿದ್ದನು. ಒಮ್ಮೆ ತಂತಿ ನಿಂತುಹೋದಾಗ, ಆಟಗಾರನು ಚೆಂಡನ್ನು ಗೆರೆಯ ಹೊರಗೆ ಹೊರಗೆ ಹೊಡೆಯುತ್ತಿರುವನೆಂದು ಹೇಳುತ್ತ ಹಲವು ನಿಮಿಷ ಕಾಲ ಕಳೆದ ಕಥೆಯನ್ನು ಅವನೇ ಮುಂದೆ ನಗುತ್ತ ಹೇಳುತ್ತಿದ್ದುದುಂಟು. ಈ ತರುಣನೇ 1981ರಲ್ಲಿ ಅಮೆರಿಕೆಯ ಅಧ್ಯಕ್ಷನಾದನು. ಹೇಳುವವನೂ ಕಾಣದ, ಕೇಳುವವರೂ ಕಾಣದ ಆ ಆಟವು ಸಾವಿರಾರು ಮನೆಗಳಲ್ಲಿ ಜೀವಂತವಾಗಿತ್ತು. ಕಾಣದುದನ್ನು ಕಲ್ಪಿಸಿಕೊಳ್ಳುವ ಶಕ್ತಿಯನ್ನು ದೂರವೇ ಆ ಮಕ್ಕಳಿಗೆ ದಯಪಾಲಿಸಿತ್ತು.

ಆದರೆ ಕೇಳಿದ ಮಾತ್ರದಿಂದ ಆಟ ಬಾರದು. ಅದಕ್ಕೆ ಬಯಲು ಬೇಕು, ಹೊತ್ತು ಕೊಡುವ ಹಿರಿಯರು ಬೇಕು. ಅಯೋವಾದ ವ್ಯಾನ್ ಮೀಟರ್ ಎಂಬ ಸಣ್ಣ ಊರಿನ ರೈತನೊಬ್ಬನು 1932ರಲ್ಲಿ ತನ್ನ ಹೊಲದಲ್ಲಿಯೇ ಒಂದು ಆಟದ ಮೈದಾನವನ್ನು ಸಿದ್ಧಪಡಿಸಿದನು. ಅವನ ಮಗ ಬಾಬ್ ಫೆಲ್ಲರ್ ಅಲ್ಲಿ ಚೆಂಡೆಸೆಯುವುದನ್ನು ಕಲಿತನು. 1936ರಲ್ಲಿ, ಇನ್ನೂ 17 ವರ್ಷದ ಶಾಲಾಬಾಲಕನಾಗಿದ್ದಾಗಲೇ, ಕ್ಲೀವ್‌ಲ್ಯಾಂಡ್ ತಂಡದ ಪರವಾಗಿ ಮೊದಲ ಸಲ ಪಂದ್ಯವನ್ನು ಆರಂಭಿಸಿದ ದಿನ ಅವನು 15 ಸಲ ಎದುರಾಳಿಗಳನ್ನು ಚೆಂಡು ಹೊಡೆಯಗೊಡದೆ ಹಿಂದಕ್ಕೆ ಕಳುಹಿಸಿದನು. 1962ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನ ದೊರೆಯಿತು. ಮೇಜರ್ ಲೀಗಿನ ಕ್ರೀಡಾಂಗಣವು ಅವನ ಊರಿಗೆ ಬರಲಿಲ್ಲ. ತಂದೆಯು ಹೊಲವನ್ನೇ ಕ್ರೀಡಾಂಗಣವಾಗಿ ಮಾಡಿದನು.

ಸಣ್ಣ ಊರುಗಳು ದೊಡ್ಡವುಗಳನ್ನು ಬರಿಯೆ ಅನುಕರಿಸಿದುವೆಂದು ಭಾವಿಸುವುದೂ ತಪ್ಪು. 1930ರ ಮೇ 2ರಂದು ಡೆ ಮಾಯ್ನಿನ ಮೈನರ್ ಲೀಗ್ ತಂಡವು ವಿದ್ಯುದ್ದೀಪಗಳ ಬೆಳಕಿನಲ್ಲಿ ರಾತ್ರಿಯ ಪಂದ್ಯವನ್ನಾಡಿತು. ಮೇಜರ್ ಲೀಗಿನವರು ಸಿನ್ಸಿನಾಟಿಯಲ್ಲಿ ತಮ್ಮ ಮೊದಲ ರಾತ್ರಿಪಂದ್ಯವನ್ನಾಡಿದುದು 1935ರ ಮೇ 24ರಂದು. ದೊಡ್ಡವರಿಗೆ ದೀಪ ಹಿಡಿದವರು ಚಿಕ್ಕವರು!

ಈಗ ಮನೆಮನೆಯಲ್ಲಿಯೂ, ಅಂಗೈಯಲ್ಲಿಯೂ ಪಂದ್ಯಗಳು ಕಾಣುತ್ತಿರುವಾಗ ಸಣ್ಣ ಊರಿಗೆ ತನ್ನದೇ ಆದ ತಂಡವೇಕೆ ಎಂದು ಕೇಳುವವರುಂಟು. ಚರಿತ್ರೆಯ ಉತ್ತರ ಸ್ಪಷ್ಟವಾಗಿದೆ. 1949ರಲ್ಲಿ ಆ ದೇಶದಲ್ಲಿ 59 ಮೈನರ್ ಲೀಗುಗಳಿದ್ದುವು. ಟೆಲಿವಿಷನ್ ಹರಡಿದಂತೆ, ಹತ್ತು ವರ್ಷಗಳೊಳಗೆ ಅವು ಅರ್ಧಕ್ಕಿಂತ ಕಡಿಮೆಯಾದುವು. ನೋಡುವ ಅನುಕೂಲ ಹೆಚ್ಚಿದಷ್ಟೂ ನೆರೆಯ ಮೈದಾನದ ಆಸನಗಳು ಬರಿದಾದುವು. 2021ರಲ್ಲಿ ಮೇಜರ್ ಲೀಗ್ ತನ್ನ ಆಶ್ರಯದಲ್ಲಿದ್ದ 160 ತಂಡಗಳನ್ನು 120ಕ್ಕೆ ಇಳಿಸಿತು. ಮಿಸಿಸಿಪಿ ನದಿಯ ದಡದ ಬರ್ಲಿಂಗ್ಟನ್, ಕ್ಲಿಂಟನ್ ಎಂಬ ಅಯೋವಾದ ಎರಡು ಊರುಗಳು ಆಗ ಆ ಆಶ್ರಯವನ್ನು ಕಳೆದುಕೊಂಡುವು. ಉಳಿದ ತಂಡಗಳ ಆಟಗಾರರ ವೇತನ ಹೆಚ್ಚಿದುದು ನಿಜ, ಅದು ಆಗಬೇಕಾಗಿದ್ದುದೂ ಹೌದು. ಆದರೆ ಒಬ್ಬರಿಗೆ ನ್ಯಾಯ ಒದಗಿಸಲು ಇನ್ನೊಂದು ಊರಿನ ಮಕ್ಕಳ ಸಂಜೆಯನ್ನು ಕಸಿದುಕೊಳ್ಳುವುದು ಯಾವ ಲೆಕ್ಕಾಚಾರವೆಂದು ನಾವು ಕೇಳಬೇಕಾಗಿದೆ.

ವಿನೋದವೆಂದರೆ, ಅದೇ 2021ರ ಆಗಸ್ಟ್ 12ರಂದು ಅದೇ ಅಯೋವಾದ ಡೈಯರ್ಸ್‌ವಿಲ್ ಎಂಬಲ್ಲಿ, 1989ರ ಚಲನಚಿತ್ರವೊಂದರಿಂದ ಪ್ರಸಿದ್ಧವಾದ ಹೊಲದ ಪಕ್ಕದಲ್ಲಿ, ಮೇಜರ್ ಲೀಗಿನ ಎರಡು ತಂಡಗಳು ಅದ್ಧೂರಿಯ ಪಂದ್ಯವನ್ನಾಡಿದುವು. ಆಟಗಾರರು ಮುಸುಕಿನ ಜೋಳದ ಪೈರಿನ ನಡುವಿನಿಂದ ನಡೆದು ಬಂದರು. ದೇಶವೆಲ್ಲ ನೋಡಿ ನಲಿಯಿತು. ಒಂದು ದಿನದ ಹಬ್ಬವನ್ನು ನಾವು ಹಳಿಯುವುದಿಲ್ಲ. ಆದರೆ ಹೊಲದ ಚಿತ್ರವನ್ನು ಮೆರೆಸುತ್ತ ಹೊಲದ ಊರುಗಳ ತಂಡಗಳನ್ನು ಕೈಬಿಡುವುದು ಪ್ರೀತಿಯಲ್ಲ. ಇನ್ನೊಂದು ವಿಚಿತ್ರವನ್ನೂ ಕೇಳಿರಿ. ಅಂತರ್ಜಾಲದಲ್ಲಿ ಹಣ ತೆತ್ತು ಪಂದ್ಯ ನೋಡುವ ಮೇಜರ್ ಲೀಗಿನ ಸೇವೆಯಲ್ಲಿ ಅಯೋವಾದವರಿಗೆ ಆರು ತಂಡಗಳ ಪಂದ್ಯಗಳ ನೇರ ಪ್ರಸಾರ ಬಹುಕಾಲ ನಿಷಿದ್ಧವಾಗಿತ್ತು. ಆ ಆರೂ ತಂಡಗಳು ಅಯೋವಾವನ್ನು ತಮ್ಮ ಪ್ರದೇಶವೆಂದು ಎಣಿಸಿದುದೇ ಇದಕ್ಕೆ ಕಾರಣ. ಹಕ್ಕಿಗೆ ಆರು ಮಂದಿ, ಆಡಿ ತೋರಿಸಲು ಒಬ್ಬರೂ ಇಲ್ಲ!

ಬರ್ಲಿಂಗ್ಟನ್, ಕ್ಲಿಂಟನ್ ಊರಿನವರು ಮಾತ್ರ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕಾಲೇಜು ವಿದ್ಯಾರ್ಥಿಗಳು ಬೇಸಗೆಯಲ್ಲಿ ಆಡುವ ಇನ್ನೊಂದು ಲೀಗನ್ನು ಸೇರಿ, ತಂಡದ ಹೆಸರನ್ನೂ ಮೈದಾನವನ್ನೂ ಉಳಿಸಿಕೊಂಡರು. ಇದನ್ನೇ ನಾವು ನಿಜವಾದ ಅಭಿಮಾನವೆನ್ನುವುದು.

ವಿದ್ಯಾರ್ಥಿಗಳೇ, ಈ ದೂರದೇಶದ ಮಾತು ನಮಗೇಕೆಂದು ನೀವು ಕೇಳಬಹುದು. ಕನ್ನಡದ ದೊಡ್ಡ ಕ್ರೀಡಾಂಗಣವೂ ಈ ಮುಂಬಯಿಯಲ್ಲಿಲ್ಲ. ಅಲ್ಲಿನ ಸಮ್ಮೇಳನಗಳ, ನಾಟಕಗಳ ಸುದ್ದಿಯನ್ನು ನಾವು ಇಲ್ಲಿಂದಲೇ ಕೇಳುತ್ತೇವೆ, ಪರದೆಯ ಮೇಲೆ ನೋಡುತ್ತೇವೆ. ಕೇಳುವುದು ಒಳ್ಳೆಯದು, ಆದರೆ ಅಷ್ಟು ಸಾಲದು. ಈ ಶಾಲೆಯ ಚರ್ಚಾಕೂಟ, ಗೋಡೆಪತ್ರಿಕೆ, ವಾರ್ಷಿಕೋತ್ಸವದ ಕಿರುನಾಟಕ, ನಿಮ್ಮ ಕೈಯಲ್ಲಿರುವ ಈ ಸಂಚಿಕೆ, ಇವೇ ನಮ್ಮ ಹೊಲದ ಮೈದಾನಗಳು. ಹಿರಿಯರು ಹೊತ್ತು ಕೊಡಲಿ. ನೀವು ಪ್ರೇಕ್ಷಕರ ಸಾಲಿನಿಂದ ಎದ್ದು ಬಂದು ಆಡಿರಿ.