ಕೈಗೆ ತಕ್ಕ ಸಿಂಬಲ್

ಡ್ರಮ್ಸ್ ಕೊಳ್ಳುವವರು ಅದರ ಬಣ್ಣಕ್ಕೆ ಕೊಡುವ ಗಮನದಲ್ಲಿ ಅರ್ಧವನ್ನೂ ಸಿಂಬಲ್‌ಗೆ ಕೊಡುವುದಿಲ್ಲ. ಡ್ರಮ್ಮಿನ ಹೊದಿಕೆಯನ್ನು ಬಿಗಿ ಮಾಡಿ ಶ್ರುತಿ ತಿದ್ದಬಹುದು. ಸಿಂಬಲ್ ಮಾತ್ರ ಕಾರ್ಖಾನೆಯಿಂದ ತಂದ ದನಿಯಲ್ಲೇ ಉಳಿಯುತ್ತದೆ. ಒತ್ತು ಕೊಡಲು ಹೊಡೆಯುವ ಕ್ರ್ಯಾಶ್ ಸಿಂಬಲ್ ತೆಳುವಾಗಿದ್ದರೆ ಮೆಲುಪೆಟ್ಟಿಗೂ ಥಟ್ಟನೆ ಅರಳಿ ಬೇಗ ಆರುತ್ತದೆ. ದಪ್ಪದ್ದು ಏರುದನಿಯದು, ಗಿಟಾರುಗಳ ಗದ್ದಲವನ್ನು ಸೀಳಿಕೊಂಡು ಬರುತ್ತದೆ, ಆದರೆ ಬಲವಾಗಿ ಬಾರಿಸದೆ ಬಾಯಿ ಬಿಡದು. ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ತಂಡದಲ್ಲಿ ಡ್ರಮ್ಮರ್ ಟೋನಿ ವಿಲಿಯಮ್ಸ್ ನುಡಿಸಿದ ಕೆ ಜಿಲ್ಜಿಯನ್ ರೈಡ್, ಅಂದರೆ ಲಯ ನಡೆಸುವ ಸಿಂಬಲ್, ಕೇಳಿ: ಕೋಲಿನ ಒಂದೊಂದು ಪೆಟ್ಟೂ ಬಿಡಿಬಿಡಿ, ಹಿಂದೆ ಮಬ್ಬು ಗುಂಗು. ರಾಕ್ ತಂಡ ಲೆಡ್ ಜೆಪ್ಪೆಲಿನ್‌ನ ಅಬ್ಬರದಲ್ಲಿ ಅದು ಮುಳುಗಿಹೋಗುತ್ತಿತ್ತು. ಅಲ್ಲಿ ಡ್ರಮ್ಮರ್ ಜಾನ್ ಬಾನಮ್ 24 ಇಂಚಿನ ಪೈಸ್ಟೆ ರೈಡ್, 15 ಇಂಚಿನ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಇಟ್ಟುಕೊಂಡಿದ್ದರು. (ಭಾರದ ಕೈಯವರೆಲ್ಲ ದಪ್ಪದ್ದನ್ನೇ ಕೊಳ್ಳಬೇಕೆಂದಲ್ಲ; ಅಂಚಿಗೆ ನೇರವಾಗಿ ಹೊಡೆದು, ಸ್ಟ್ಯಾಂಡಿಗೆ ತೀರ ಬಿಗಿದರೆ ಯಾವುದೂ ಸೀಳುತ್ತದೆ.) ಅಂಗಡಿಗೆ ನಿಮ್ಮದೇ ಕೋಲು, ಮನೆಯಲ್ಲಿರುವ ಸಿಂಬಲ್ ಒಯ್ಯಿರಿ. ಬೇರೊಬ್ಬರಿಂದ ಹೊಡೆಸಿ, ಹತ್ತಡಿ ದೂರ ನಿಂತು ಕೇಳಿ. ಕೇಳುಗರು ಇರುವುದು ಆ ಕಡೆಯೇ. ಯಾರೋ ಹೆಸರಾಂತರ ಸಹಿ ಇದೆಯೆಂದು ಮಾತ್ರ ದುಡ್ಡು ಸುರಿಯಬೇಡಿ.